ಇನ್ನೂ ಅದೇ ಹಾಡು

“ಇನ್ನೂ ಅದನ್ನೇ ಕೇಳ್ತೀಯೇನೋ?” ಅಂತಾಳೆ ಅಕ್ಕ. ಹೂಂ, ಕೇಳ್ತೀನಿ. ‘ಪ್ರೇಮಲೋಕ’ ಸಿನಿಮಾದ ಹಾಡು, 1987. ಸಾಹಿತ್ಯವೂ ಹಂಸಲೇಖ, ಸಂಗೀತವೂ ಹಂಸಲೇಖ. ಕಾಲೇಜು ಹುಡುಗ ಹುಡುಗಿಯರ ಕೀಟಲೆ, ಜಗಳ, ಸವಾಲು, ಜವಾಬು ಎಲ್ಲವನ್ನೂ ಹಾಗೇ ಎತ್ತಿ ತಾಳಕ್ಕೆ ಕೂರಿಸಿಬಿಟ್ಟರು. ಇದೂ ಒಂದು ಸಾಹಿತ್ಯವೇ ಅಂತ ಮೂಗು ಮುರಿಯುವವರು ಈಗಲೂ ಇದ್ದಾರೆ. ನನಗೆ ಅದು ನಾವು ಕಟ್ಟೆ ಮೇಲೆ ಕೂತು ಆಡುತ್ತಿದ್ದ ಕನ್ನಡ. ಆ ಹರಟೆಗೂ ಒಂದು ರಾಗ ಸಿಕ್ಕಿತಲ್ಲ! ಎಸ್‌ಪಿಬಿ ದನಿಯೊಳಗಿನ ನಗುವಂತೂ ಇವತ್ತಿಗೂ ಮೈ ಹಗುರ ಮಾಡುತ್ತೆ.

ನಿನ್ನೆ ರಾತ್ರಿ ಪಾತ್ರೆ ತೊಳೀತಾ ಜೋರಾಗಿ ಹಾಕಿದ್ದೆ. ಅಡುಗೆಮನೆ ಬಾಗಿಲಿಗೆ ಬಂದು ನಿಂತ ಅಕ್ಕ ಏನೂ ಅನ್ನಲಿಲ್ಲ. ಹುಡುಗಿಯ ಪಾಲಿನ ಸಾಲುಗಳನ್ನೆಲ್ಲ ಒಂದೂ ತಪ್ಪದೆ ಹಾಡಿದಳು.