ಬರೆಯಲೊಲ್ಲದ ಡಿಸ್ಕ್: ದಿನಚರಿಯ ಪುಟಗಳು

14 ಜುಲೈ 2025, ಸೋಮವಾರ, ಶಿವಮೊಗ್ಗ

ಸ್ನಾನಕ್ಕೆ ಹೊರಟಿದ್ದೆ, ಭದ್ರಾವತಿಯ ಫೌಂಡ್ರಿಯಿಂದ ಫೋನು. "ಸಾರ್, ಬಿಲ್ಲಿಂಗ್ ಹಂಗೇ ನಿಂತುಬಿಟ್ಟಿದೆ. ಲಾರಿ ಗೇಟಲ್ಲಿದೆ." ವಿನೋಬನಗರದ ಮನೆಯಿಂದಲೇ ಅವರ ಸರ್ವರ್‌ಗೆ ಲಾಗಿನ್ ಆದೆ. ಅದರ ಮೇಲೆ ಓಡುವ ಮೂರು ವಿಎಂಗಳಲ್ಲಿ (ವರ್ಚುವಲ್ ಯಂತ್ರಗಳಲ್ಲಿ) ಬಿಲ್ಲಿಂಗಿನದೊಂದು 'ಪಾಜ್ಡ್', ತಡೆದು ನಿಂತಿದೆ. ಯಾಕೆಂದು ಕೇಳಿದರೆ ಐ/ಓ ಎರರ್. ಇನ್ನೂ ಕೆದಕಿದಾಗ ಒಂದೇ ಸಾಲು: ವಿಡಿಎ, ನೋ ಸ್ಪೇಸ್.

ರಾತ್ರಿ ಅದೇ ವಿಎಂ ಕಳಿಸಿದ್ದ ವರದಿಯಲ್ಲಿ ಡಿಸ್ಕ್ ತುಂಬಿದ್ದು ಶೇ. 38 ಮಾತ್ರ. ಹೋಸ್ಟಿನಲ್ಲಿ, ಅಂದರೆ ಮೂರನ್ನೂ ಹೊತ್ತ ಅಸಲಿ ಸರ್ವರಿನಲ್ಲಿ, ಡಿಎಫ್ ಕೊಟ್ಟು ಜಾಗ ನೋಡಿದೆ: ಶೇ. 100.

ವಿಎಂಗೆ ಡಿಸ್ಕಾಗಿ ಕಾಣುವ ವಿಡಿಎ ಡಿಸ್ಕೇ ಅಲ್ಲ, ಹೋಸ್ಟ್ ಮೇಲಿನ ಒಂದು ಫೈಲು. ಒಳಗಿನ ಲಿನಕ್ಸಿಗೆ ಅದು ಗೊತ್ತಿಲ್ಲ. ಇರುವ 960 ಜಿಬಿಯಲ್ಲಿ ಮೂರಕ್ಕೂ ತಲಾ 400 ಜಿಬಿ ಎಂದು ಮಾತು ಕೊಟ್ಟವನು ನಾನೇ. ಥಿನ್ ಪ್ರಾವಿಷನಿಂಗ್ ಎಂದರೆ ಮುನ್ನೂರು ಎಲೆಗೆ ಅಡುಗೆ ಮಾಡಿಸಿ ನಾನೂರು ಮನೆಗೆ ಕರೆಯೋಲೆ ಹಂಚಿದ ಹಾಗೆ. ಸಾಮಾನ್ಯವಾಗಿ ನಡೆದುಹೋಗುತ್ತದೆ. (ಆಷಾಢದಲ್ಲಿ ಮದುವೆ ಊಟದ ನೆನಪು. ತಿಂಡಿ ಆಗಿರಲಿಲ್ಲ.)

ಇಲ್ಲಿ ಒಬ್ಬನೇ ಇಬ್ಬರ ಊಟ ಉಂಡಿದ್ದ. ಬಿಲ್ಲಿಂಗ್ ಫೈಲು 530 ಜಿಬಿ, ಅದಕ್ಕೆ ಕೊಟ್ಟ ಮಾತಿಗಿಂತ 130 ಹೆಚ್ಚು. ಏಪ್ರಿಲ್‌ನಲ್ಲಿ ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿದ್ದೆ, ಅಳಿಸಲು ಮರೆತಿದ್ದೆ. ಅಂದಿನಿಂದ ಬದಲಾದ ಪ್ರತಿ ಬ್ಲಾಕಿನ ಹಳೇ ಪ್ರತಿಯೂ ಉಳಿದುಕೊಂಡಿದೆ. ಸಾಲದ್ದಕ್ಕೆ ಡಿಸ್ಕಾರ್ಡ್ ಆಫ್: ಒಳಗೆ ಅಳಿಸಿದ್ದು ಹೊರಗೆ ಬಿಡುಗಡೆಯಾಗುವುದಿಲ್ಲ.

ಹೋಸ್ಟಿನಲ್ಲಿ ಬಿದ್ದಿದ್ದ ಐಎಸ್‌ಒಗಳು, ಹಳೇ ಬ್ಯಾಕಪ್ಪುಗಳನ್ನು ಕಿತ್ತು ಹಾಕಿ ವಿಎಂ ರೆಸ್ಯೂಮ್ ಮಾಡಿದೆ. ವಿಎಂಗಳನ್ನು ಓಡಿಸುವ ಕ್ಯೂಎಮು ತಡೆದಿಟ್ಟ ಬರಹವನ್ನು ತಾನೇ ಮತ್ತೆ ಬರೆಯಿತು. ಅರ್ಧಕ್ಕೆ ನಿಂತಿದ್ದ ಬಿಲ್ಲು ಪ್ರಿಂಟ್ ಆಯಿತು, ಲಾರಿ ಹೋಯಿತು. ಆಮೇಲೆ ಸ್ನ್ಯಾಪ್‌ಶಾಟ್ ಅಳಿಸಿದೆ.

"ಏನಾಗಿತ್ತು?" ಎಂದರು ಮಾಲೀಕರು. "ಡಿಸ್ಕ್ ತುಂಬಿತ್ತು ಸಾರ್" ಎಂದೆ. ತುಂಬಿಸಿದ್ದು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

16 ಜುಲೈ, ಬುಧವಾರ

ಮಳೆ. ಎರಡು ಸಲ ಕರೆಂಟ್ ಹೋಯಿತು. ಕೆಲಸ ಏನೂ ಆಗಲಿಲ್ಲ.

18 ಜುಲೈ, ಶುಕ್ರವಾರ, ಭದ್ರಾವತಿ

ಮತ್ತೆ ಅದೇ ದೂರು. ಮತ್ತೆ ತುಂಬಿತೇನೋ ಎಂದು ಎದೆ ಧಸಕ್ಕೆಂದಿತು. ಹೋಸ್ಟಿನಲ್ಲಿ ಜಾಗ ಬೇಕಾದಷ್ಟಿದೆ. ವಿಎಂ ಓಡುತ್ತಲೂ ಇದೆ, ಆದರೆ ಅದರ ಎಕ್ಸ್‌ಟಿ4 ಫೈಲ್ ಸಿಸ್ಟಮ್ ರೀಡ್-ಓನ್ಲಿ. ಜಾಗ ಮುಗಿದರೆ ಮಾತ್ರ ಕ್ಯೂಎಮು ವಿಎಂ ನಿಲ್ಲಿಸುತ್ತದೆ; ಬೇರೆ ತಪ್ಪನ್ನೆಲ್ಲ ಒಳಕ್ಕೇ ದಾಟಿಸುತ್ತದೆ. ಜರ್ನಲ್ ಬರೆಯಲಾಗದೆ ಎಕ್ಸ್‌ಟಿ4 ಬಾಗಿಲು ಹಾಕಿಕೊಂಡಿತ್ತು. ಅಂದರೆ ಇದು ಬೇರೆ ಕಾಯಿಲೆ.

ಬಿ.ಎಚ್. ರಸ್ತೆಯಲ್ಲಿ ಬಸ್ಸು ಹಿಡಿದು ಬಂದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಹೊಸ ಡಿಸ್ಕಿನ ಬೆಲೆ ವಿಚಾರಿಸಿಯೂ ಆಗಿತ್ತು. ಬಂದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ನೋಡಿದರೆ, ಕೆಟ್ಟ ಜಾಗದ ಲೆಕ್ಕಗಳಾದ ರೀಅಲೊಕೇಟೆಡ್ ಸೊನ್ನೆ, ಪೆಂಡಿಂಗ್ ಸೊನ್ನೆ. ಸಿಆರ್‌ಸಿ ಎರರ್ ಮಾತ್ರ 412. ಚಹಾ ಕುಡಿದು ಬಂದು ನೋಡಿದೆ, 431. ಹೋಸ್ಟಿನ ಲಾಗಿನಲ್ಲಿ ಸಾಲು ಸಾಲು ಲಿಂಕ್ ರೀಸೆಟ್. ಡಿಸ್ಕ್ ಗಟ್ಟಿಯಾಗಿದೆ, ಬೋರ್ಡಿನಿಂದ ಡಿಸ್ಕಿಗೆ ಹೋಗುವ ದಾರಿಯಲ್ಲಿ ಡೇಟಾ ಕೆಡುತ್ತಿದೆ. ಸಾಟಾ ಕೇಬಲ್.

ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿ ಇಲ್ಲಿ ಉಸ್ತುವಾರಿ ನೋಡುವ ಹಿರಿಯರು ಪಕ್ಕದಲ್ಲಿ ನಿಂತಿದ್ದರು. ಕಾರಣ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮಲ್ಲೂ ಹಂಗೇ ಕಣಪ್ಪ. ಬ್ಲೋಹೋಲ್ ಕಾಣೋದು ಲೇತಿಗೆ ಹಾಕ್ದಾಗ. ಬೈಸ್ಕೊಳೋನು ಲೇತಿನೋನು. ತೂತು ಆಗಿರೋದು ಮೌಲ್ಡಿನ ಮರಳು ಹಸಿ ಇದ್ದಾಗ." ನಾನು ಓದಿದ ಯಾವ ಮ್ಯಾನ್ಯುಅಲ್ಲೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಹೊಸ ಕೇಬಲ್ ಹಾಕಿದೆ. ವಿಎಂ ನಿಲ್ಲಿಸಿ, ಫೈಲ್ ಸಿಸ್ಟಮ್ ತಪಾಸಣೆಗೆ ಎಫ್‌ಎಸ್‌ಸಿಕೆ ಓಡಿಸಬೇಕಿತ್ತು. ಅದಕ್ಕೆ ಬೇಕಾದ ರೆಸ್ಕ್ಯೂ ಐಎಸ್‌ಒ ಸೋಮವಾರ ನಾನೇ ಅಳಿಸಿದ್ದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮತ್ತೆ ಇಳಿಸಿಕೊಳ್ಳಲು ಒಂದೂವರೆ ಗಂಟೆ. ತಪಾಸಣೆ ಮುಗಿಸಿ ಹೊರಟಾಗ ಕೊನೆಯ ಬಸ್ಸು ಸಿಕ್ಕಿತು.

20 ಜುಲೈ, ಭಾನುವಾರ, ಭದ್ರಾವತಿ

ಫೌಂಡ್ರಿ ರಜೆ. ಡಿಸ್ಕಾರ್ಡ್ ಆನ್ ಮಾಡಿ, ಖಾಲಿ ಜಾಗ ಬಿಡಿಸಲು ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದೆ. ಬಿಲ್ಲಿಂಗ್ ಫೈಲು 160 ಜಿಬಿಗೆ ಇಳಿಯಿತು. ಇನ್ನು ಮೇಲೆ ರಾತ್ರಿ ವರದಿ ಹೋಸ್ಟಿನಿಂದಲೂ ಬರುತ್ತದೆ, ಶೇ. 80 ದಾಟಿದರೆ ಎಸ್‌ಎಂಎಸ್. ಸಿಆರ್‌ಸಿ ಲೆಕ್ಕ ಒಮ್ಮೆ ಏರಿದರೆ ಇಳಿಯುವುದಿಲ್ಲ, ಏರದೆ ನಿಂತರೆ ಸಾಕು. 431ಕ್ಕೇ ನಿಂತಿದೆ.

ಮಾಲೀಕರು ಬಂದಿದ್ದರು. ಏಪ್ರಿಲ್ ಸ್ನ್ಯಾಪ್‌ಶಾಟಿನ ಕತೆ ಪೂರ್ತಿ ಹೇಳಿದೆ. ಅವರಿಗೆ ಅರ್ಧ ಅರ್ಥವಾಯಿತು ಅಂತ ಕಾಣುತ್ತದೆ. ಬಿಲ್ಲಿನಲ್ಲಿ ಕೇಬಲ್ ಒಂದನ್ನೇ ಬರೆದೆ, 180 ರೂಪಾಯಿ.