ಅರ್ಜಿ ಯಾರಿಗೆ?

ಕೆಲಸ ಕೇಳಿ ಬರೆಯುವ ಅರ್ಜಿಯಲ್ಲಿ ‘ಇಂದ’ ಬರೆಯುವುದು ಸುಲಭ. ಪೇಚಾಟವೆಲ್ಲ ‘ಗೆ’ ಎಂಬಲ್ಲಿ. ಉಡುಪಿ ಬಳಿಯ ಕಲ್ಯಾಣಪುರದ ಆಸುಪಾಸಿನಲ್ಲಿ ಇದಕ್ಕೆ ತಕ್ಕ ಕಾರಣವೂ ಇದೆ. ಮಿಲಾಗ್ರಿಸ್ ಕೆಥೆಡ್ರಲ್ ಇರುವ ಊರು ಇದು. ಇಂಥ ಕಡೆ ಚರ್ಚ್ ಆಡಳಿತದ ಶಾಲೆಗೆ ಅರ್ಜಿ ಹಾಕುವವರು ಮುಖ್ಯೋಪಾಧ್ಯಾಯರಿಗೆ ಬರೆದರೆ ಸಾಲದು. ಆಡಳಿತ ಮಂಡಳಿಯ ಪರವಾಗಿ ಸಹಿ ಹಾಕುವವರು ಸಂಚಾಲಕರು. ದೇವಸ್ಥಾನವಾದರೆ ಆಡಳಿತ ಮೊಕ್ತೇಸರರು, ಮುಜರಾಯಿಗೆ ಸೇರಿದ್ದಾದರೆ ಕಾರ್ಯನಿರ್ವಹಣಾಧಿಕಾರಿ. ಮಣಿಪಾಲಕ್ಕೆ ಹೋದರೆ ಮಾನವ ಸಂಪನ್ಮೂಲ ವಿಭಾಗ. ಬಾಯಲ್ಲಿ ಎಲ್ಲರೂ ‘ಸಾರ್’, ಹೋಟೆಲಿನವರಾದರೆ ‘ಧಣಿ’. ಕಾಗದದಲ್ಲಿ ಅಷ್ಟರಿಂದ ಪಾರಾಗಲು ಆಗುವುದಿಲ್ಲ. ಆಗ ಅರ್ಜಿದಾರ ಮಾಡುವ ಕೆಲಸವೆಂದರೆ, ಯಾರಿಗೆಂದು ವಿಚಾರಿಸುವ ಬದಲು ಗೌರವದ ಮಾತುಗಳನ್ನು ಪೇರಿಸುವುದು. ಯಾರಿಗೆ ಬರೆಯುತ್ತಿದ್ದೇನೆಂದು ತಿಳಿದು ಬರೆದರೆ ಅದೇ ಮರ್ಯಾದೆ ಎಂಬುದು ನನ್ನ ವಾದ.

ಪೇರಿಸುವ ಈ ಚಾಳಿ ಇಂದಿನದಲ್ಲ. 1956ರವರೆಗೆ ನಮ್ಮ ಉಡುಪಿ ಸೀಮೆ ಮದರಾಸಿಗೆ ಸೇರಿತ್ತು. ಆ ಪ್ರಾಂತ್ಯದ ಕಚೇರಿ ಪತ್ರಗಳಲ್ಲಿ ಗೌರವಸ್ಥರ ಹೆಸರಿನ ಮೊದಲು ‘ಮ.ರಾ.ರಾ.’ ಇರುತ್ತಿತ್ತು, ಅಂದರೆ ಮಹಾರಾಜ ರಾಜಶ್ರೀ. ತಾಲೂಕು ಕಚೇರಿಯ ನೌಕರರೂ ಕಾಗದದ ಮೇಲೆ ಮಹಾರಾಜರೇ! ಎಲ್ಲರಿಗೂ ಹಚ್ಚಿದ ಮೇಲೆ ಅದು ಯಾರ ಬಗೆಗೂ ಏನನ್ನೂ ಹೇಳದಾಯಿತು. ಇಂದಿನ ‘ಪೂಜ್ಯರೇ’ ಅದೇ ದಾರಿ ಹಿಡಿದಿದೆ. ಮಠದ ಸ್ವಾಮಿಗಳಿಗೆ ‘ಪೂಜ್ಯ’ ಸಲ್ಲುತ್ತದೆ. ಶಾಲೆಯ ಸಂಚಾಲಕರು ಧರ್ಮಗುರುಗಳಾಗಿದ್ದರೆ ‘ವಂದನೀಯ’ ಎನ್ನಲೇಬೇಕು. ಬಟ್ಟೆಯಂಗಡಿಯ ಮ್ಯಾನೇಜರರನ್ನು ಪೂಜ್ಯರೆಂದರೆ ಮುಜುಗರ ಅವರಿಗೇ. ಉಳಿದವರಿಗೆಲ್ಲ ‘ಮಾನ್ಯರೇ’ ಧಾರಾಳ ಸಾಕು. ಓದುವವರು ಗಂಡಸೋ ಹೆಂಗಸೋ ಎಂದು ಊಹಿಸುವ ಕಷ್ಟವೂ ಅದರಲ್ಲಿಲ್ಲ.

ಹೆಸರು ಬರೆಯಬೇಕೇ ಎಂದರೆ, ಮೊದಲು ಹುದ್ದೆ, ಖಚಿತವಾಗಿ ಗೊತ್ತಿದ್ದರೆ ಹೆಸರು. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಕೃಷ್ಣ ಮಠದ ಆಡಳಿತ 2 ವರ್ಷಕ್ಕೊಮ್ಮೆ, ಜನವರಿ 18ರಂದು, ಒಂದು ಮಠದಿಂದ ಇನ್ನೊಂದಕ್ಕೆ ದಾಟುತ್ತದೆ; ಹಳೆಯ ಅರ್ಜಿಯನ್ನು ನಕಲು ಮಾಡಿದವನು ಪೀಠದಿಂದ ಇಳಿದವರಿಗೆ ಬಿನ್ನವಿಸಿಕೊಂಡಿರುತ್ತಾನೆ. ಸಂಸ್ಥೆಗಳ ಹೆಸರೂ ಶಾಶ್ವತವಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಅಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಊರವರ ಬಾಯಲ್ಲಿ ಹಳೆಯ ಹೆಸರು ಉಳಿಯಲಿ, ಅರ್ಜಿಯ ತಲೆಯಲ್ಲಿ ಬೇಡ.

ಬ್ಯಾಂಕಿನ ಕೆಲಸಕ್ಕೆ ಈಗ ಕಂಪ್ಯೂಟರಿನಲ್ಲೇ ಅರ್ಜಿ, ‘ಮಾನ್ಯರೇ’ ಬರೆಯಲು ಜಾಗವೇ ಇಲ್ಲವಲ್ಲ ಎನ್ನಬಹುದು. ನಿಜ. ಆದರೆ ಕಾರ್ಕಳದ ಗೇರುಬೀಜ ಕಾರ್ಖಾನೆ, ಕಾಪುವಿನ ಲೆಕ್ಕಪರಿಶೋಧಕರ ಕಚೇರಿ, ಸಹಕಾರ ಸಂಘ, ಖಾಸಗಿ ಶಾಲೆ ಇಂಥಲ್ಲಿ ಕಾಗದವೋ ಇಮೇಲೋ ಇನ್ನೂ ಒಬ್ಬ ವ್ಯಕ್ತಿಯ ಕೈಗೇ ಹೋಗುತ್ತದೆ. ಐಟಿ ಕಂಪೆನಿಗಳಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದು ಕರೆಯುತ್ತಾರಂತೆ. ಕರೆಯಲಿ, ಕೆಲಸಕ್ಕೆ ಸೇರಿದ ಮೇಲೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನಾಲ್ಕು ಮಾತು ಹೆಚ್ಚಾಗಿ ಬಾಗಿದರೆ ಗಂಟೇನು ಹೋಗುತ್ತದೆ? ಹೋಗುತ್ತದೆ. ಟ್ಯಾಲಿ ಬರುತ್ತದೆ, 3 ವರ್ಷ ಲೆಕ್ಕ ಬರೆದಿದ್ದೇನೆ ಎಂದು ಹೇಳಬೇಕಾದ ಸಾಲು ‘ತಮ್ಮ ಪಾದಗಳಲ್ಲಿ ಬೇಡಿಕೊಳ್ಳುತ್ತೇನೆ’ ಎಂಬುದರ ಪಾಲಾಗುತ್ತದೆ. ದುಡಿದು ಸಂಬಳ ಪಡೆಯುವುದು ಒಪ್ಪಂದ; ಬೇಡಿಕೊಂಡು ಒಳಗೆ ಹೋದವನಿಗೆ ನಾಳೆ ರಜೆ ಕೇಳಲೂ ನಾಲಗೆ ಏಳದು. ಆದ್ದರಿಂದ ಕೊನೆಗೆ ‘ತಮ್ಮ ವಿಧೇಯ’ ಎನ್ನುವುದಕ್ಕಿಂತ ‘ತಮ್ಮ ವಿಶ್ವಾಸಿ’ ಎನ್ನುವುದು ಮೇಲು.

ಅರ್ಜಿ ಲಕೋಟೆಗೆ ಹಾಕುವ ಮುಂಚೆ ಆ ಕಚೇರಿಗೊಂದು ಫೋನ್ ಮಾಡಿ, ಯಾರ ಹೆಸರಿಗೆ ಬರೆಯಬೇಕು, ಅವರ ಹುದ್ದೆ ಏನು ಎಂದು ಕೇಳಿಕೊಳ್ಳಿ. ಹೇಳುತ್ತಾರೆ.