ಕೆನ್ನೆಯ ತಗ್ಗು

ಮಗಳು ಸ್ಕೂಟರಿನಿಂದ ಬಿದ್ದು ಒಂದೂವರೆ ವರ್ಷವಾಯಿತು. ಹೊಲಿಗೆಯ ಗೆರೆ ಮಾಸಿದೆ. ಆದರೆ ಎಡಗೆನ್ನೆಯಲ್ಲಿ ಶೇಂಗಾಬೀಜ ಹಿಡಿಯುವಷ್ಟು ತಗ್ಗು ಉಳಿದಿದೆ. ಪುಣೆಯಲ್ಲಿ ಒಬ್ಬ ವೈದ್ಯರು ಲೇಸರ್ ಎಂದರು, ಇನ್ನೊಬ್ಬರು ಕೊಬ್ಬು ತುಂಬಿಸೋಣ ಎಂದರು. ಆಫೀಸಿನ ಅಭ್ಯಾಸದಂತೆ ನಾನು ಎಕ್ಸೆಲ್ ಶೀಟ್ ತೆರೆದು ಕೂತೆ.

ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರಿನ ತರಂಗಾಂತರ 10,600 ನ್ಯಾನೋಮೀಟರ್. ಚರ್ಮದಲ್ಲಿರುವ ನೀರು ಅದನ್ನು ಹೀರಿಕೊಂಡು ಕಾಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಾಗುತ್ತವೆ. ನಡುವೆ ಉಳಿದ ಚರ್ಮದಿಂದ ಗಾಯ ಬೇಗ ಮಾಯುತ್ತದೆ, ಮುಂದಿನ ತಿಂಗಳುಗಳಲ್ಲಿ ಹೊಸ ಕೊಲಾಜೆನ್ ಬೆಳೆಯುತ್ತದೆ. ಒರಟು ಮೇಲ್ಮೈಗೆ, ಆಳವಿಲ್ಲದ ಕಲೆಗೆ ಇದು ಒಳ್ಳೆಯದು. ಆದರೆ ನಮ್ಮಂಥ ಕಂದು ಚರ್ಮದಲ್ಲಿ ಲೇಸರ್ ತಾಗಿದ ಜಾಗ ಕಪ್ಪಾಗುವ ಸಾಧ್ಯತೆ ಹೆಚ್ಚು.

ಕೊಬ್ಬಿನ ಚಿಕಿತ್ಸೆ ಹಳೆಯದು. 1893ರಲ್ಲೇ ಜರ್ಮನಿಯ ಗುಸ್ತಾವ್ ನಾಯ್ಬರ್ ರೋಗಿಯ ತೋಳಿನ ಕೊಬ್ಬಿನಿಂದ ಮುಖದ ತಗ್ಗು ತುಂಬಿಸಿದ್ದರು. ಈಗ ಹೊಟ್ಟೆಯಿಂದಲೋ ತೊಡೆಯಿಂದಲೋ ಸಣ್ಣ ಕೊಳವೆಯಲ್ಲಿ ಕೊಬ್ಬು ತೆಗೆದು ಹನಿಹನಿಯಾಗಿ ಇಡುತ್ತಾರೆ. ಹೊಸ ಜಾಗದಲ್ಲಿ ರಕ್ತ ಸಿಕ್ಕಷ್ಟೇ ಕೊಬ್ಬು ಬದುಕುತ್ತದೆ, ಉಳಿದದ್ದು ಕರಗುತ್ತದೆ. ಹಾಗಾಗಿ ಎರಡನೇ ಸಲ ಮಾಡಬೇಕಾಗಬಹುದು. ತೀರಾ ಅಪರೂಪಕ್ಕೆ ಕೊಬ್ಬು ರಕ್ತನಾಳ ಸೇರಿ ದೃಷ್ಟಿಗೇ ಅಪಾಯವಾಗುವುದುಂಟು. ಆ ಸಾಲು ಓದಿ ನನ್ನ ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ಮೂರನೆಯವರು ವಯಸ್ಸಾದ ಪ್ಲಾಸ್ಟಿಕ್ ಸರ್ಜನ್. ನನ್ನ ಶೀಟ್ ನೋಡಲೇ ಇಲ್ಲ. ಮಗಳನ್ನೇ ಕೇಳಿದರು: ನಿನಗೇನು ತೊಂದರೆ? ಅದುವರೆಗೆ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ.

"ನಕ್ಕಾಗ ಒಳಗೆ ಎಳೀತದ," ಅಂದಳು. ಆಮೇಲೆ ಹಿಂದಿಯಲ್ಲಿ ಹೇಳಿದಳು.

ಅವರು ಕೆನ್ನೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಸುತ್ತಲಿನ ಚರ್ಮ ಮೇಲೆ ಬಂತು, ತಗ್ಗು ಬರಲಿಲ್ಲ. ಕೆಳಗಿನ ಕೊಬ್ಬು ಹೋಗಿ, ಕಲೆ ಒಳಗೆ ಅಂಟಿಕೊಂಡಿತ್ತು. ಮಣ್ಣು ಕುಸಿದ ರಸ್ತೆಗೆ ಮೇಲೆ ಎಷ್ಟು ಡಾಂಬರು ಬಳಿದರೇನು? ಮೊದಲು ಸೂಜಿಯಿಂದ ಒಳಗಿನ ಎಳೆಗಳನ್ನು ಬಿಡಿಸಬೇಕು, ಅವು ಮತ್ತೆ ಅಂಟಿಕೊಳ್ಳದಂತೆ ನಡುವೆ ಕೊಬ್ಬು ಇಡಬೇಕು. ಮೇಲಿನ ಒರಟು ಉಳಿದರೆ ಲೇಸರ್ ಆಮೇಲೆ. ಪೂರ್ತಿ ಸಮವಾಗುವುದಿಲ್ಲ ಎಂದೂ ಹೇಳಿದರು.

ಕಣ್ಣಿನ ಅಪಾಯದ ಬಗ್ಗೆ ಹೆಂಡತಿ ಕೇಳಿದಳು. ಮೊಂಡು ತುದಿಯ ಕೊಳವೆ ಬಳಸುತ್ತೇವೆ, ಒತ್ತದೆ ನಿಧಾನಕ್ಕೆ ಬಿಡುತ್ತೇವೆ, ಆದರೂ ಅಪಾಯ ಸೊನ್ನೆಯಲ್ಲ ಎಂದರು.

ಮನೆಗೆ ಬರುವಾಗ ಕಾರಿನಲ್ಲಿ ಮಾತಿರಲಿಲ್ಲ. ಸಿಗ್ನಲ್‌ನಲ್ಲಿ ಮಗಳು ಹಿಂದಿನ ಸೀಟಿನಿಂದ ಅಂದಳು: "ಅವ್ವಾ, ಅರ್ಧ ತುಂಬಿದರೂ ನಡೀತದ. ಎಳಿಯೋದು ನಿಂತರ ಸಾಕು. ಪರೀಕ್ಷಾ ಮುಗೀಲಿ, ಮಾಡಿಸೋಣು."